ಖರ್ಜೂರದ ಮರದಿಂದ ಇಳಿಯದವಳು

ಅಲ್ ಗುಬ್ರಾ, ಮಸ್ಕತ್
೩ ಜನವರಿ ೨೦೨೬, ಶನಿವಾರ

ಪ್ರೀತಿಯ ಸ್ವರ್ಣಲತಾ ಚಿಕ್ಕಮ್ಮಾ,

ಇಲ್ಲಿ ಎಲ್ಲ ಸೌಖ್ಯ ಎಂದು ಬರೆದು ಮುಗಿಸುವವಳಿದ್ದೆ. ಕತೆ ಹೇಳುವುದೆಂದರೆ ನನಗೀಗ ಹೇಸಿಗೆಯಾಗುತ್ತಿದೆ ಎಂದು, ಕತೆ ಕೊಟ್ಟ ನಿಮಗೇ ಹೇಗೆ ಹೇಳುವುದು? ಅದಿರಲಿ, ನಿಮ್ಮ ಮಂಡಿನೋವು ಹೇಗಿದೆ? ಇಲ್ಲಿಯ ನಮ್ಮ ಪಕ್ಕದ ಫ್ಲ್ಯಾಟಿನ ಸಫೀನಾ ಊರಿಗೆ ಬಂದಾಗ ತಂದುಕೊಟ್ಟ ಎಣ್ಣೆ ಹಚ್ಚುತ್ತಿದ್ದೀರಾ, ಇಲ್ಲ ಅದು ಕಪಾಟಿನಲ್ಲೇ ಜೋಪಾನವಾಗಿದೆಯಾ?

ನವೆಂಬರಿನಲ್ಲಿ ಸೆಕೆ ಇಳಿದ ಮೇಲೆಯೇ ಇಲ್ಲಿ ಹೊರಗೆ ಕೂರಲು ಸಾಧ್ಯ. ಆಗಿನಿಂದ ಪ್ರತಿ ಶುಕ್ರವಾರ ಸಂಜೆ ಅಮೇರಾತಿನ ಪಾರ್ಕಿನಲ್ಲಿ ಚಾಪೆ ಹಾಸಿ ನಮ್ಮ ಕನ್ನಡ ಸಂಘದ ಮಕ್ಕಳಿಗೆ ಕತೆ ಹೇಳುತ್ತೇನೆ. ಈ ಚಳಿಗಾಲಕ್ಕೆ ನೀವು ಹೇಳುತ್ತಿದ್ದ, ಮನೆ ಬಿಟ್ಟು ಹಲಸಿನ ಮರ ಹತ್ತಿದ ಸೊಸೆಯ ಕತೆಯನ್ನೇ ಆರಿಸಿಕೊಂಡೆ. ಮಕ್ಕಳು ಹಲಸಿನ ಮರ ಕಂಡವರಲ್ಲ, ಹಾಗಾಗಿ ಅವಳನ್ನು ಖರ್ಜೂರದ ಮರಕ್ಕೆ ಹತ್ತಿಸಿದೆ. ವಾರಕ್ಕೊಬ್ಬರು ಬಂದು ಕರೆಯುತ್ತಾರೆ. ಮಾವ ಕಾರಿನ ಏಸಿ ಹಾಕಿಟ್ಟು ಕರೆದ, ಅತ್ತೆ ಕೋರಿರೊಟ್ಟಿ ತೋರಿಸಿ ಕರೆದಳು. ಅವಳು ಇಳಿಯಲಿಲ್ಲ. ಹೂಂ ಎನ್ನುವವರಿಲ್ಲದಿದ್ದರೆ ಕತೆ ಅಲ್ಲೇ ನಿಲ್ಲಬೇಕು ಎಂಬ ನಿಮ್ಮ ಕಟ್ಟಳೆಯನ್ನೂ ಕಲಿಸಿದೆ. ಮೊದಲು ‘ಓಕೆ ಆಂಟಿ’ ಎನ್ನುತ್ತಿದ್ದ ಮಕ್ಕಳು ಈಗ ಪೈಪೋಟಿಯಲ್ಲಿ ಹೂಂಗುಟ್ಟುತ್ತಾರೆ. ಇಂಗ್ಲಿಷ್ ಮೀಡಿಯಮ್ಮಿನ ನನಗೆ ಕನ್ನಡ ಬಂದದ್ದೂ ಹಾಗೆಯೇ ಅಲ್ಲವೇ?

ಫೆಬ್ರವರಿ ಮೊದಲ ವಾರ ಸಂಘದ ವಾರ್ಷಿಕೋತ್ಸವದಲ್ಲಿ ಕತೆಯ ಕೊನೆ: ಅವಳ ಗಂಡ ಬಂದು ಕರೆಯಬೇಕು. ಅವಳು ಆಗಲೂ ಇಳಿಯಬಾರದು. ಸಂಘದ ಕಾರ್ಯದರ್ಶಿ ಶಿವಶರಣರು ಇದನ್ನು ಕೇಳಿ, “ಅಕ್ಕಾರ, ಆಕಿನ್ನ ಕೆಳಗ ಇಳಸ್ರಿ. ಫ್ಯಾಮಿಲಿ ಪ್ರೋಗ್ರಾಮ್ ಐತಿ. ಮನಿ ಬಿಟ್ಟಾಕಿನ್ನ ಹಂಗ ಬಿಟ್ರ ಹುಡುಗ್ರು ಏನ ಕಲೀತಾವ? ಇಳಿದ್ಲು, ಕಾಲಿಗೆ ಬಿದ್ಲು, ಖಲಾಸ್,” ಎಂದರು. ನಾನು ‘ನೋಡೋಣ’ ಎಂದೆ. ಯಾಕೆ ಹಾಗೆಂದೆ? ಸಂಘ ಒಡೆಯಬಾರದೆಂದೋ, ನನಗೊಂದು ವೇದಿಕೆ ಬೇಕೆಂದೋ, ಇನ್ನೂ ತಿಳಿಯುತ್ತಿಲ್ಲ.

ನಿನ್ನೆ ಅವರು ಹೇಳಿದ ಕೊನೆಯನ್ನು ಮಕ್ಕಳಿಗೆ ಹೇಳಿ ನೋಡಿದೆ. ಅವಳು ಒಂದು ಕಾಲು ಕೆಳಗಿಟ್ಟಳು ಎಂದೆ. ಮಕ್ಕಳು ಸುಮ್ಮನಾದರು. ಮತ್ತೊಮ್ಮೆ ಹೇಳಿದೆ. ಹೂಂ ಇಲ್ಲ. ಎಂಟು ವರ್ಷದ ತೃಷಾ, “ವೈ ಶುಡ್ ಶೀ, ಆಂಟಿ? ಅವಳಿಗೆ ಅಲ್ಲೇ ಹಣ್ಣು ಉಂಟಲ್ಲ,” ಎಂದಳು. ಅಷ್ಟರಲ್ಲಿ ಹಿಂದಿನಿಂದ ಸಂಘದ ಕೈಮೈಕಿನಲ್ಲಿ ದಪ್ಪ ಸ್ವರದ ‘ಹೂಂ’ ಬಂತು. ಮಕ್ಕಳ ಬದಲು ಶಿವಶರಣರೇ ಹೂಂಗುಟ್ಟುತ್ತಿದ್ದರು. ಬಾಯಿಗೆ ಬೇರೆಯವರ ಎಂಜಲು ಬಿದ್ದಂತಾಯಿತು ಚಿಕ್ಕಮ್ಮಾ. ಕತೆ ನಿಲ್ಲಿಸಿ ಚಾಪೆ ಸುತ್ತಿದೆ.

ಆ ಕತೆ ಎಲ್ಲಿ ಹುಟ್ಟಿತೆಂದು ನಾನು ನಿಮ್ಮನ್ನು ಎಂದೂ ಕೇಳಿಲ್ಲ. ನೀವು ಗಂಡನ ಮನೆ ಬಿಟ್ಟು ಬಂದಾಗ ನಾನು ಆರು ವರ್ಷದವಳು. ಎಷ್ಟು ಮಂದಿ ಬಂದು ಕರೆದರು ಎಂಬುದು ನನಗೆ ನೆನಪಿದೆ.

ನಿಮ್ಮ ಜೊತೆಗಿರುವ ತಮ್ಮ ವಿಶಾಲನಿಗೆ ನನ್ನ ನೆನಪು ಹೇಳಿ. ನಿಮ್ಮ ಕಾಲಿಗೆ ನಮಸ್ಕಾರ.

ನಿಮ್ಮ
ಸೌಮ್ಯಶ್ರೀ

ಮರೆತಿದ್ದೆ: ವಿಶಾಲ್ ಇಲ್ಲಿಗೆ ಬಂದಿದ್ದಾಗ ಸೇರಿದ್ದ ಸಂಘದ ವಾಟ್ಸ್ಯಾಪ್ ಗುಂಪಿನಿಂದ ಶಿವಶರಣರು ಅವನ ನಂಬರು ಪಡೆದಿದ್ದಾರೆ. ಮಕ್ಕಳು ಅನ್ನದಿದ್ದರೇನು, ಮೂಲ ಕತೆಗಾರ್ತಿಯಾದ ನಿಮ್ಮದೇ ಒಂದು ಹೂಂ ರೆಕಾರ್ಡ್ ಮಾಡಿ, ಅವಳು ಇಳಿಯುವ ಆ ಕೊನೆಗೆ ಸೇರಿಸುತ್ತಾರಂತೆ. ಫೋನಿನಲ್ಲಿ ಯಾರು ಏನು ಹೇಳಿದರೂ ಹೂಂ, ಹೂಂ ಎನ್ನುವುದು ನಿಮ್ಮ ಅಭ್ಯಾಸ. ವಿಶಾಲ್ ಸ್ಪೀಕರ್ ಹಾಕುತ್ತಾನೆಂದೇ ಇದನ್ನು ಫೋನಿನಲ್ಲಿ ಹೇಳದೆ ಬರೆಯುತ್ತಿದ್ದೇನೆ. ಅವರು ಕರೆದರೆ ಬಾಯಿ ಬಿಡಬೇಡಿ, ದಯವಿಟ್ಟು. ಇದನ್ನು ನಾಳೆಯೇ ಅಂಚೆಗೆ ಹಾಕುತ್ತೇನೆ: ಭಾನುವಾರ, ಜನವರಿ ನಾಲ್ಕು.