ಮನೆಗಳೆಲ್ಲ ಸತ್ತವರ ಹೆಸರಿನಲ್ಲಿ

ಚಾಂಕೊ, ಚಿಲಿ
ಜೂನ್ ೧೨, ಬುಧವಾರ

ನನ್ನ ಯಾಸ್ನಾ,

ಹೇಗಿದ್ದೀಯ ಮಗಳೇ? ಕೆಮ್ಮು ಇಳಿಯಿತೆ? ಜೈಲಿನ ಕಂಬಳಿ ತೆಳುವೆಂದು ಬರೆದಿದ್ದೆಯಲ್ಲ, ನನ್ನ ಉಣ್ಣೆಯ ಶಾಲು ಕಳಿಸಿದ್ದೇನೆ. ಕಾವಲಿನವರು ಕೊಟ್ಟರೋ ಇಲ್ಲವೋ ತಿಳಿಸು. ಮಂಡಿಯೊಂದನ್ನು ಬಿಟ್ಟರೆ ನಾನು ಗುಂಡುಕಲ್ಲಿನ ಹಾಗಿದ್ದೇನೆ. ನಿನ್ನ ರಾಯೆನ್‌ಗೆ ಮುಂದಿನ ಎರಡು ಹಲ್ಲು ಬಿದ್ದಿವೆ. ಸೋಪೈಪಿಯಾ ರೊಟ್ಟಿ ಕರಿದರೆ ಗರಿಗರಿ ಅಂಚು ನನಗೆ, ನಡುವಿನ ಮೆತ್ತನೆಯದು ಅವಳಿಗೆ.

ಸರ್ಕಾರದ ಬಾಡಿಗೆ ನೆರವು ಮಂಜೂರಾದ ದಿನ ಪುರಸಭೆಯ ಮೆಟ್ಟಿಲ ಮೇಲೆಯೇ ಕುಳಿತು ಸಂತೋಷಕ್ಕೆ ಅತ್ತಿದ್ದೆ. ಆ ಅಳು ಬಹಳ ಬೇಗ ಆಯಿತು ನೋಡು. ಬಾಡಿಗೆಯಲ್ಲಿ ಬಹುಪಾಲು ಅವರೇ ಕೊಡುತ್ತಾರೆ, ನಿಜ. ಆದರೆ ಮನೆ ನಾವೇ ಹುಡುಕಬೇಕು, ಅದರ ಪತ್ರ ಬದುಕಿರುವ ಮಾಲೀಕನ ಹೆಸರಿನಲ್ಲಿರಬೇಕು. ನಮ್ಮೂರಲ್ಲಿ ಅಂಥ ಮನೆ ಎಲ್ಲಿದೆ? ಎಲ್ಲವೂ ಎಂದೋ ತೀರಿಹೋದ ಅಜ್ಜಂದಿರವು. ಮೊಮ್ಮಕ್ಕಳು ಹತ್ತೋ ಹನ್ನೊಂದೋ ಇರುತ್ತಾರೆ, ಒಬ್ಬರ ಮುಖ ಕಂಡರೆ ಒಬ್ಬರಿಗೆ ಆಗುವುದಿಲ್ಲ, ಪಾಲುಪತ್ರಕ್ಕೆ ಯಾರೂ ಸಹಿ ಹಾಕುವುದಿಲ್ಲ. ಬೂಟು ಸವೆಯುವಷ್ಟು ಅಲೆದೆ. ಇಗರ್ಜಿಯ ಹಿಂದಿನ ಬೀದಿಯ ಎಲ್ಬಾ ಏನೆಂದಳು ಗೊತ್ತೆ? 'ಅಜ್ಜ ಸ್ಮಶಾನದಲ್ಲೇ ಇದ್ದಾನೆ ಡೊನ್ಯಾ ಸುನಿಲ್ಡಾ, ಹೋಗಿ ಸಹಿ ಹಾಕಿಸ್ಕೊಂಡ್ ಬನ್ನಿ, ನಮ್ದೇನೂ ಅಡ್ಡಿಯಿಲ್ಲ!' ನಾನೂ ನಕ್ಕೆ, ಮನೆಗೆ ಬಂದು ಬೂಟನ್ನು ಮೂಲೆಗೆ ಎಸೆದೆ. ನಾವಿರುವ ಮನೆಯ ಗೋಡೆ ಭೂಕಂಪದಲ್ಲಿ ಬಿರಿದದ್ದು, ಈಗ ಮುಷ್ಟಿ ತೂರುತ್ತದೆ. ಮಕ್ಕಳ ಇಲಾಖೆಯ ಹೆಂಗಸು ಬಂದು ನೋಡಿ, 'ಈ ತಿಂಗಳೊಳಗೆ ಬೇರೆ ಮನೆ ಆಗ್ಲಿಲ್ಲ ಅಂದ್ರೆ ಮಗೂನ ನಾವೇ ಕರ್ಕೊಂಡ್ ಹೋಗ್ಬೇಕಾಗತ್ತೆ' ಎಂದು ಬರೆದುಕೊಂಡು ಹೋದಳು. ನೆರವಿನ ಗಡುವೂ ತಿಂಗಳ ಕೊನೆಗೇ ಮುಗಿಯುತ್ತಿತ್ತು.

ಅಂತೂ ನಿನ್ನೆ ಮನೆ ಸಿಕ್ಕಿತು. ಬೇಕರಿಯ ಹಿಂದೆ ಎರಡು ಕೋಣೆ, ಕಬ್ಬಿಣದ ಸೌದೆ ಒಲೆ, ನೆಟ್ಟಗಿನ ಗೋಡೆ. ಮಾಲೀಕರು ಡಾನ್ ರೆಮಿಹಿಯೊ, ಕಳೆದ ವರ್ಷವಷ್ಟೇ ರಾಜಧಾನಿಯಿಂದ ಬಂದವರು, ಊರ ಸುದ್ದಿ ಇನ್ನೂ ಕಿವಿಗೆ ಬಿದ್ದಿಲ್ಲ. ಮನೆ ಅವರದೇ ಹೆಸರಿನಲ್ಲಿದೆ, ಪುಣ್ಯಾತ್ಮ ಬದುಕಿಯೂ ಇದ್ದಾರೆ. ಕಾಗದಗಳನ್ನೆಲ್ಲ ನೋಡಿ, ರಾಯೆನ್ ಕಡೆ ತಿರುಗಿ, 'ಇವಳ ತಾಯಿ ಎಲ್ಲಿ? ಪೊಲೀಸು, ಜೈಲು ಅಂತ ಯಾವ ರಗಳೇನೂ ನನ್ ಮನೆ ಬಾಗಿಲಿಗೆ ಬರೋದ್ ಬೇಡ' ಎಂದರು. ನಾನು ಏನೋ ಒಂದು ಹೇಳಿದೆ. ಸಹಿ ಹಾಕಿದರು. ಸೋಮವಾರ ಬೀಗದ ಕೈ ಕೊಡುತ್ತಾರೆ. ಸಂತೋಷಪಡಬೇಕು ಮಗಳೇ, ನನ್ನಿಂದ ಆಗುತ್ತಿಲ್ಲ.

ಕಾರ್ಮೆನ್ ಮಾತೆ ನಿನ್ನನ್ನು ಬೆಚ್ಚಗಿಟ್ಟಿರಲಿ.

ನಿನ್ನ ಅಮ್ಮ,
ಸುನಿಲ್ಡಾ

ತಾ.ಕ.: ಅಂಟಿಸಿದ ಲಕೋಟೆಯನ್ನು ಹರಿದು ಇದನ್ನು ಬರೆಯುತ್ತಿದ್ದೇನೆ. ನೀನು ತೀರಿಕೊಂಡೆ ಎಂದು ಅವರಿಗೆ ಹೇಳಿಬಿಟ್ಟೆ, ಯಾಸ್ನಾ. ಬೇರೆ ಮಾತೇ ಬಾಯಿಗೆ ಬರಲಿಲ್ಲ. ರಾಯೆನ್ ನನ್ನ ಕೈ ಹಿಡಿದುಕೊಂಡು ನಿಂತಿದ್ದಳು. ನೀನು ದೂರದ ಹಣ್ಣಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೀಯ ಎಂದಲ್ಲವೆ ಅವಳಿಗೆ ಹೇಳಿದ್ದು? ನೀನು ಬದುಕಿದ್ದೀಯ ಎಂದು ನಿನ್ನೆಯಿಂದ ನಾನು ಎಷ್ಟು ಆಣೆ ಇಟ್ಟರೂ ನಂಬುತ್ತಿಲ್ಲ. 'ಆ ತಾತನ್ ಹತ್ರ ನಿಜ ಹೇಳ್ದೆ, ನನ್ ಹತ್ರ ಸುಳ್ಳು ಹೇಳ್ತಿದೀಯ ಅಜ್ಜಿ' ಅನ್ನುತ್ತಾಳೆ. ಅವಳನ್ನು ಜೈಲಿಗೆ ಕರೆತರಬೇಡ ಎಂದು ನೀನು ನನ್ನಿಂದ ಮಾತು ತೆಗೆದುಕೊಂಡಿದ್ದೆ. ಭಾನುವಾರ ಕರೆತರುತ್ತೇನೆ. ತಲೆ ಬಾಚಿಕೊಂಡಿರು.