ಕಾರ್ಟನ್ ಹಿಂದಿನ ಊಟ

ಮಾರ್ಚ್ 3, ಸೋಮವಾರ

ಬಸ್ಸಿನಲ್ಲಿ ಇವತ್ತೂ ಅದೇ ಗೋಳು. ಮುಂದಿನ ಸೀಟಿನವನು ಫೋನ್ ಜೋರಾಗಿಟ್ಟು ರೀಲ್ಸ್ ನೋಡುತ್ತಿದ್ದ. ಸೌಂಡ್ ಕಮ್ಮಿ ಮಾಡಪ್ಪ ಅಂದೆ. ನನ್ನ ಮುಖ ನೋಡಿ ಇನ್ನೂ ಜಾಸ್ತಿ ಮಾಡಿದ. ಹೊಸೂರಿಗೆ ಬಂದು ಇಪ್ಪತ್ತಾರು ವರ್ಷವಾಯಿತು. ಜನ ಇಷ್ಟು ಕೆಟ್ಟಿದ್ದನ್ನು ನೋಡಿರಲಿಲ್ಲ.

ನಿನ್ನೆಯಿಂದ ರಂಜಾನ್. ಮೊದಲು ನಾನಿದ್ದ ಕೃಷ್ಣಗಿರಿಯಲ್ಲಿ ಈ ತಿಂಗಳು ಬಂತೆಂದರೆ ಟೀ ಅಂಗಡಿಗಳ ಮುಂದೆ ಪರದೆ ಇಳಿಬಿಡುತ್ತಿದ್ದರು. ಕುಡಿಯುವವರು ಒಳಗೆ ಕೂತು ಕುಡಿಯುತ್ತಿದ್ದರು. ಈಗ ಪರದೆಯೂ ಇಲ್ಲ, ಮರ್ಯಾದೆಯೂ ಇಲ್ಲ. ಮಸೀದಿ ಪಕ್ಕದಲ್ಲೇ ನಡುಮಧ್ಯಾಹ್ನ ಪ್ಲೇಟ್ ಹಿಡಿದು ನಿಂತಿರುತ್ತಾರೆ — ನಮ್ಮವರೂ, ಅವರವರೂ.

ಫ್ಯಾಕ್ಟರಿಯಲ್ಲಿ ನನ್ನ ವೈರಿಂಗ್ ಲೈನಿನ ಐದು ಹುಡುಗಿಯರು ರೋಜಾ ಹಿಡಿದಿದ್ದಾರೆ. ನೀರೂ ಇಲ್ಲದ ಉಪವಾಸ. ಐದೂವರೆ ಬದಲು ನಾಲ್ಕೂವರೆಗೇ ಬಿಡಿ ಅಂತ ಎಚ್‌.ಆರ್‌. ಹತ್ತಿರ ಜಗಳ ಆಡಿ ಪರ್ಮಿಷನ್ ತಂದೆ. ಮುಬೀನಾ, ಫರ್ಹಾನಾ, ಇನ್ನು ಮೂವರು. ಲಿಸ್ಟ್ ನಾನೇ ಬರೆದೆ. ಅವರ ಎದುರಿಗೆ ಯಾರೂ ತಿನ್ನಕೂಡದು ಅಂತ ನೋಟಿಸೂ ಅಂಟಿಸಿದೆ, ಕನ್ನಡ, ತಮಿಳು ಎರಡರಲ್ಲೂ. ಸೂಪರ್‌ವೈಸರ್ ಅಂದರೆ ಬರೀ ವೈರ್ ಎಣಿಸುವವನಲ್ಲ.

ಮಾರ್ಚ್ 6, ಗುರುವಾರ

ಭಾನು ಲೈನಿನಲ್ಲೇ ಚಕ್ಕುಲಿ ಕಡಿಯುತ್ತಿದ್ದಳು. ಹದಿನೈದು ವರ್ಷದ ಸರ್ವಿಸ್, ಬುದ್ಧಿ ಮಾತ್ರ ಇಲ್ಲ. ನೋಟಿಸ್ ತೋರಿಸಿ ಬೈದೆ.

"ಆ ಹುಡ್ಗೀರ್ಗೇ ಬ್ಯಾಸರ ಇಲ್ಲ ಸಾರ್, ನಿಮ್ಗ್ಯಾಕೆ?" ಅಂದಳು.

ಮಾತಿಗೆ ಮಾತು. ಆದರೂ ಚಕ್ಕುಲಿ ಒಳಗಿಟ್ಟಳು.

ಮಾರ್ಚ್ 12, ಬುಧವಾರ, ಮಧ್ಯಾಹ್ನ 2

ಮೈ ಉರಿಯುತ್ತಿದೆ. ಪ್ಯಾಕಿಂಗ್ ಕಡೆ ಹೋಗಿದ್ದೆ. ಕಾರ್ಟನ್ ರಾಶಿ ಹಿಂದೆ ಏನೋ ಸದ್ದು. ಇಲಿ ಅಂದುಕೊಂಡು ಬಗ್ಗಿ ನೋಡಿದರೆ ಮುಬೀನಾ! ಕುಕ್ಕರುಗಾಲಲ್ಲಿ ಕೂತು, ತೊಡೆ ಮೇಲೆ ಡಬ್ಬಿ ಇಟ್ಟುಕೊಂಡು ಗಬಗಬ ಚಿತ್ರಾನ್ನ ತಿನ್ನುತ್ತಿದ್ದಾಳೆ. ನನ್ನನ್ನು ನೋಡಿ ಮುಚ್ಚಳ ಹಾಕಿದಳು. ಬಾಯಲ್ಲಿದ್ದ ತುತ್ತನ್ನು ನುಂಗಲೂ ಇಲ್ಲ, ಉಗುಳಲೂ ಇಲ್ಲ.

ತಿರುಗಿ ಲೈನಿಗೆ ಬಂದೆ. ಇಂಥವರಿಗಾಗಿಯೇ ನಾನು ಎಚ್‌.ಆರ್‌. ಮುಂದೆ ಕೈಕಟ್ಟಿ ನಿಂತದ್ದು?

ಮಾರ್ಚ್ 13, ಗುರುವಾರ, ಬೆಳಿಗ್ಗೆ 9

ಬೆಳಗಿನ ಮೀಟಿಂಗಿನಲ್ಲಿ ಹೇಳಿಯೇ ಬಿಟ್ಟೆ. ಲೈನಿನ ನಲವತ್ತು ಜನ ನಿಂತಿದ್ದರು. "ರೋಜಾ ಹೆಸ್ರಲ್ಲಿ ಒಂದು ಗಂಟೆ ಮುಂಚೆ ಮನೆಗೆ, ಮಧ್ಯಾಹ್ನ ಕಾರ್ಟನ್ ಹಿಂದೆ ಊಟ! ದೇವ್ರಿಗೂ ಮೋಸ, ಕಂಪ್ನಿಗೂ ಮೋಸ. ಮುಬೀನಾ, ಇವತ್ತಿಂದ ನೀನು ಐದೂವರೆವರ್ಗೂ ಇರ್ಬೇಕು."

ಅವಳು ತಲೆ ಎತ್ತಲಿಲ್ಲ. ತಪ್ಪು ಮಾಡಿದವರು ಎತ್ತುವುದಿಲ್ಲ. ಕ್ವಾಲಿಟಿಯ ನಂದೀಶ್ ಆಮೇಲೆ ಬಂದು "ಸೂಪರ್ ಸಾರ್" ಅಂದ. ಹೆಂಗಸರು ಯಾಕೋ ಮುಖ ಗಂಟು ಹಾಕಿಕೊಂಡಿದ್ದರು. ಸತ್ಯ ಹೇಳಿದರೆ ಹೀಗೆಯೇ.

ಅದೇ ದಿನ, ಸಂಜೆ 7

ಮನೆಗೆ ಬಂದು ದೊಡ್ಡಸ್ತಿಕೆಯಿಂದ ಲಕ್ಷ್ಮಿಗೆ ಎಲ್ಲ ಹೇಳಿದೆ. ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ಅಯ್ಯೋ, ಎಂಥಾ ಕೆಲ್ಸ ಮಾಡ್ಬುಟ್ರಿ! ಆ ಹುಡ್ಗಿ ಹೊರಗಾಗಿರ್ತಾಳೆ. ಆ ದಿವ್ಸಗಳಲ್ಲಿ ಅವ್ರ ಹೆಂಗಸ್ರು ಉಪಾಸ ಇರಂಗಿಲ್ಲ. ಹಬ್ಬ ಆದ್ಮೇಲೆ ಹಿಡ್ದು ತೀರಿಸ್ತಾರೆ. ಪಕ್ಕದ್ಮನೆಯೋರು ನಂಗೆ ಎಷ್ಟು ಸಲ ಹೇಳವ್ರೆ."

ಹಾಗಿದ್ದರೆ ಬೇಗ ಯಾಕೆ ಹೋಗಬೇಕಿತ್ತು ಅಂದೆ. ಸೋಲು ಒಪ್ಪದ ಬಾಯಿ.

"ದಿನಾ ಬರೋ ಹೊತ್ಗೆ ಬರ್ದಿದ್ರೆ ಮನೇಲಿ ಅಪ್ಪ ಯಾಕೆ ಅಂತ ಕೇಳಲ್ವಾ? ನಿಮ್ಮಮ್ಮ ಇದ್ದಾಗ ಮೂರು ದಿನ ನಾನು ದೇವ್ರ ಮನೆ ಕಡೆ ಹೋಗ್ತಿದ್ನಾ? ಯಾಕೆ ಹೋಗ್ತಿಲ್ಲ ಅಂತ ನೀವು ಬೀದೀಲಿ ನಿಂತು ಕೂಗಿದ್ರಾ?"

ಮದುವೆಯಾಗಿ ಮೂವತ್ತು ವರ್ಷ. ಮಗಳನ್ನು ಬೆಳೆಸಿದ್ದೇನೆ. ನಮ್ಮ ಸಿಂಧು ವಿಷಯವನ್ನು ಯಾರಾದರೂ ನಲವತ್ತು ಜನರ ಮುಂದೆ ಹೀಗೆ...

ಮಾರ್ಚ್ 15, ಶನಿವಾರ

ಮುಬೀನಾ ನಿನ್ನೆಯೂ ಬರಲಿಲ್ಲ, ಇವತ್ತೂ ಇಲ್ಲ. ಭಾನುವನ್ನು ಕೇಳಿದೆ.

"ಯಾವ ಮುಖ ಹೊತ್ಕೊಂಡು ಬತ್ತಾಳೆ ಸಾರ್? ಮೀಟಿಂಗಲ್ಲಿದ್ದ ಹೆಂಗಸ್ರಿಗೆಲ್ಲ ಅಲ್ಲೇ ಅರ್ಥ ಆಗೋಯ್ತು. ಗಂಡಸ್ರಿಗೆ ಈಗ ಒಬ್ಬೊಬ್ಬರ್ಗೇ ಆಯ್ತೈತೆ. ಬಸ್ಸಲ್ಲಿ ಹಲ್ಲು ಕಿರೀತಾರೆ."

ನಿಂತಲ್ಲೇ ಭೂಮಿಗಿಳಿದು ಹೋದೆ. ಟೀ ಅಂಗಡಿಯ ಪರದೆ ಒಳಗೆ ಕೂತವರ ಮಾನಕ್ಕೂ ಇತ್ತು ಅಂತ ಇಷ್ಟು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಆ ಹುಡುಗಿ ಕಾರ್ಟನ್ ಅಡ್ಡ ಇಟ್ಟುಕೊಂಡಿದ್ದಳು. ಅದನ್ನು ಸರಿಸಿದವನು ನಾನು.

ಮಾರ್ಚ್ 16, ಭಾನುವಾರ, ಸಂಜೆ 5

ಕೆಲಮಂಗಲಕ್ಕೆ, ಮುಬೀನಾ ಮನೆಗೆ ಹೋಗಿ ಬಂದೆ. ಒಂದು ಡಬ್ಬಿ ಖರ್ಜೂರ ಒಯ್ದಿದ್ದೆ. ಅವಳ ಅಪ್ಪ ಬಾಗಿಲಲ್ಲೇ ಎರಡೂ ಕೈ ಹಿಡಿದುಕೊಂಡರು.

"ಜ್ವರ ಅಂತ ಮಲ್ಗವ್ಳೆ ಸಾರ್. ಅಷ್ಟಕ್ಕೆ ನೀವು ಹೊಸೂರಿಂದ ಬಂದ್ರಾ? ಇಂಥ ಸಾರ್ ಇರೋ ಕಡೆ ಅಂತ್ಲೇ ನಾನು ಮಗಳ್ನ ಕೆಲ್ಸಕ್ಕೆ ಕಳಿಸಿರೋದು."

ಕುರ್ಚಿ ಕೊಟ್ಟರು. ಬೇಡವೆಂದರೂ ಟೀ ಮಾಡಿಸಿದರು. ಮನೆಮಂದಿಯೆಲ್ಲ ಉಪವಾಸ, ನಾನೊಬ್ಬ ಕುಡಿಯುವವನು. ಮುಬೀನಾಳೇ ಲೋಟ ತಂದಳು. ಅಪ್ಪ ಫೋನ್ ಬಂತೆಂದು ಹೊರಗೆ ಹೋದರು. ನಾನು "ಅಮ್ಮಾ, ನಾಳಿದ್ದು ಎಲ್ಲರ ಮುಂದೆ ಕ್ಷಮೆ ಕೇಳ್ತೀನಿ" ಅಂದೆ.

"ಬ್ಯಾಡ ಸಾರ್! ಕ್ಷಮೆ ಅಂದ್ರೆ ಯಾಕೆ ಅಂತ ಮತ್ತೆ ಮಾತಾಯ್ತದೆ. ಅಪ್ಪನ ಕಿವೀಗೆ ಬಿದ್ರೆ ಕೆಲ್ಸ ಬಿಡಿಸ್ತಾರೆ. ನೋಡಿದ್ದು ತಪ್ಪಾಯ್ತು, ಅದು ನಾನಲ್ಲ ಅಂದ್ಬುಡಿ. ಅಷ್ಟೇ ಸಾಕು."

ಸುಳ್ಳು ಹೇಳಬೇಕು. ನಾನು. ಆಗಲಿ ಅಂದೆ. ಆ ಟೀ ಪೂರ್ತಿ ಕುಡಿದೆ.

ಮಾರ್ಚ್ 18, ಮಂಗಳವಾರ, ಮಧ್ಯಾಹ್ನ

ಕ್ಯಾಂಟೀನಿಗೆ ಹೋಗಲಿಲ್ಲ. ಸ್ಟೋರ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ.

ಮುಬೀನಾ ಕೆಲಸಕ್ಕೆ ಬಂದಿದ್ದಳು. ಮೀಟಿಂಗಿನಲ್ಲಿ ಹೇಳಿದೆ. "ಆವತ್ತು ನಾನು ಸರಿಯಾಗಿ ನೋಡ್ಲಿಲ್ಲ. ಅದು ಮುಬೀನಾ ಅಲ್ಲ. ಅವಳ ಹೆಸ್ರು ಲಿಸ್ಟಿಗೆ ವಾಪಸ್ ಹಾಕಿದೀನಿ." ಮನೆಯಲ್ಲಿ ಹತ್ತು ಸಲ ಹೇಳಿ ಅಭ್ಯಾಸ ಮಾಡಿದ್ದೆ. ತಡವರಿಸಲಿಲ್ಲ.

ನಂದೀಶ್ ನಕ್ಕ. "ಹಂಗಾದ್ರೆ ಅದು ಯಾರು ಸಾರ್? ಮಿಕ್ಕಿರೋದು ನಾಲ್ಕೇ ಜನ."

ಇದನ್ನು ಯೋಚಿಸಿರಲಿಲ್ಲ. ಎಲ್ಲರ ಕಣ್ಣೂ ಆ ನಾಲ್ವರ ಕಡೆ ತಿರುಗಿತು. ಫರ್ಹಾನಾ ಪಕ್ಕದಲ್ಲೇ ನಿಂತಿದ್ದಳು, ಹತ್ತೊಂಬತ್ತು ವರ್ಷದ ಮಗು. "ನಾನಲ್ಲ, ನಾನಲ್ಲ" ಅಂತ ಅಳತೊಡಗಿದಳು. ಬಾಯಿ ತೆರೆಯಬೇಕಾದವನು ನಾನು. ತೆರೆಯಲಿಲ್ಲ. ಏನು ಹೇಳಿದರೂ ಯಾರಾದರೊಬ್ಬ ಹುಡುಗಿಯ ಮೇಲೆ ಬೀಳುತ್ತದೆ ಅಂತ ಲೆಕ್ಕ ಹಾಕುತ್ತಾ ನಿಂತೆ. ಹಾಗಂತ ಬರೆಯಬಹುದು. ನಿಜ ಅಂದರೆ ಹೆದರಿದೆ.

ಮುಬೀನಾ ಮುಂದೆ ಬಂದಳು.

"ಸಾರ್ ನೋಡಿದ್ದು ನನ್ನೇ. ಆವತ್ತು ನಂಗೆ ರೋಜಾ ಇರ್ಲಿಲ್ಲ. ಯಾಕೆ ಅಂತ ಗೊತ್ತಿಲ್ದೋರು ಮನೇಗೋಗಿ ಅವ್ರಮ್ಮನ್ನ ಕೇಳ್ಲಿ. ಫರ್ಹಾನಾನ ಯಾರೂ ನೋಡ್ಬ್ಯಾಡಿ."

ಯಾರೂ ನಗಲಿಲ್ಲ. ನಂದೀಶ್ ನೆಲ ನೋಡಿದ. ಭಾನು ಹೋಗಿ ಇಬ್ಬರ ಹೆಗಲ ಮೇಲೂ ಕೈ ಹಾಕಿ, "ನಡೀರಿ, ಲೈನ್ ಸ್ಟಾರ್ಟ್ ಮಾಡೋಣ" ಅಂತ ಕರೆದುಕೊಂಡು ಹೋದಳು. ಇನ್ನು ಅವಳ ಅಪ್ಪನಿಗೆ ಗೊತ್ತಾಗುವುದು ಗ್ಯಾರಂಟಿ. ಅವಳಿಗೂ ಅದು ಗೊತ್ತಿತ್ತು, ಗೊತ್ತಿದ್ದೇ ಹೇಳಿದಳು.

ಇದನ್ನೂ ಬರೆದುಬಿಡುತ್ತೇನೆ. ಅವಳು ಬಾಯಿ ತೆರೆದಾಗ ನನಗೆ ಮೊದಲು ಆಗಿದ್ದು ನಾಚಿಕೆಯಲ್ಲ, ಸಮಾಧಾನ. ಸದ್ಯ, ಇನ್ನು ನಾನು ಹೇಳಬೇಕಾಗಿಲ್ಲ ಅಂತ. ಐವತ್ತೇಳು ವರ್ಷ ವಯಸ್ಸು ನನಗೆ. ಥೂ.

ಮಾರ್ಚ್ 20, ಗುರುವಾರ, ಸಂಜೆ 6.30

ಎರಡು ದಿನದಿಂದ ಮುಬೀನಾ ಇಲ್ಲ. ಇವತ್ತು ಫರ್ಹಾನಾ ಕೈಲಿ ಐಡಿ ಕಾರ್ಡ್ ಕಳಿಸಿದ್ದಾಳೆ. ಚೀಟಿ ಇಲ್ಲ, ಏನಿಲ್ಲ. ಎಚ್‌.ಆರ್‌.ಗೆ ಕೊಡದೆ ಜೇಬಿನಲ್ಲಿಟ್ಟುಕೊಂಡು ಬಂದೆ. ಟೇಬಲ್ ಮೇಲಿದೆ.

ಮಂಗಳವಾರ ಲಕ್ಷ್ಮಿ "ಏನಾಯ್ತು, ಹೇಳಿದ್ರಾ?" ಅಂತ ಕೇಳಿದ್ದಳು. ಎಲ್ಲ ಸರಿಹೋಯಿತು ಅಂದಿದ್ದೆ. ನನ್ನ ಗಂಡ ತಪ್ಪು ತಿದ್ದಿಕೊಂಡ ಅಂತ ಖುಷಿಯಾಗಿ ಮಗಳಿಗೂ ಫೋನ್ ಮಾಡಿ ಹೇಳಿದ್ದಾಳೆ.

ಕೆಲಮಂಗಲಕ್ಕೆ ಮತ್ತೆ ಹೋಗಬೇಕು. ಆ ಮನುಷ್ಯನ ಎದುರು ಕೂತು, ತಪ್ಪು ಮಗಳದ್ದಲ್ಲ ಅಂತ ಹೇಳಬೇಕು. ಒಬ್ಬನೇ ಹೋದರೆ ಮತ್ತೆ ಟೀ ಕುಡಿದು ಬರುತ್ತೇನೆ, ನನ್ನ ಮೇಲೆ ನನಗೆ ನಂಬಿಕೆ ಇಲ್ಲ. ಅದಕ್ಕೇ ಲಕ್ಷ್ಮಿಯನ್ನು ಕೂಗಿದೆ. ಬಂದು ಎದುರಿಗೆ ನಿಂತಿದ್ದಾಳೆ. ಕಾರ್ಡಿನಲ್ಲಿರುವ ಫೋಟೋ ನೋಡುತ್ತಿದ್ದಾಳೆ. ಯಾರ್ರೀ ಇದು, ಆ ಹುಡ್ಗೀನಾ, ಇದು ಇಲ್ಲಿಗ್ಯಾಕೆ ಬಂತು, ಬರೆಯೋದ್ ನಿಲ್ಸಿ ಹೇಳ್ರೀ ಅನ್ನುತ್ತಿದ್ದಾಳೆ. ಲಕ್ಷ್ಮೀ, ನಾನು