ಕೆಂಪು ಬೆಳಕಿನ ಬ್ಯಾಟರಿ

ಹೊಸಮನೆ, ಶಿವಮೊಗ್ಗ

ಮಗಳು ತನುಜಾಳಿಗೆ,

ಮಲವಗೊಪ್ಪದ ಕಬ್ಬಿನ ಗದ್ದೆಯಲ್ಲಿ ಸಿಕ್ಕ ಚಿರತೆಮರಿಗಳನ್ನು ಅಲ್ಲೇ ಬುಟ್ಟಿಯಲ್ಲಿಟ್ಟು, ತಾಯಿ ಬಂದೀತೆಂದು ನೀನು ರಾತ್ರಿಯೆಲ್ಲ ಕಾಯುತ್ತಿರುವೆಯಂತೆ. ಬ್ಯಾಟರಿಯ ಬಿಳಿ ಬೆಳಕಿಗೆ ಅದು ಹೆದರಿ ಹಿಂದಿರುಗಿತೆಂದು ಅಮ್ಮ ಹೇಳಿದಳು.

ನಮ್ಮ ಬ್ಯಾಟರಿ ಅಂಗಡಿಯ ಅಟ್ಟದಲ್ಲಿ ಬೆಕ್ಕು ಮರಿ ಹಾಕಿದೆ. ಮೂರು ಬಣ್ಣದ ಬೆಳಕು ಹಿಡಿದು ನೋಡಿದೆ. ಬಿಳಿಗೆ ಮರಿಗಳನ್ನು ಬಿಟ್ಟೇ ಓಡಿತು. ಹಸಿರಿಗೆ ಗುರ್ ಎಂದಿತು. ಕೆಂಪಿಗೆ ಒಮ್ಮೆ ತಲೆಯೆತ್ತಿ, ಮತ್ತೆ ಮರಿಯನ್ನು ನೆಕ್ಕತೊಡಗಿತು. ಅದಕ್ಕೇ ಕೆಂಪಿನದನ್ನು ಕಳಿಸಿದ್ದೇನೆ. ಆದರೂ ನೇರ ಕಣ್ಣಿಗೆ ಹಿಡಿಯಬೇಡ.

ನೀನು ಫಾರೆಸ್ಟ್ ಗಾರ್ಡ್ ಕೆಲಸಕ್ಕೆ ಸೇರಿದ ದಿನ, "ಇನ್ನು ಈ ಮನೆ ಮೆಟ್ಟಿಲು ಹತ್ತಬೇಡ" ಎಂದಿದ್ದೆ. ಆವತ್ತು ನಾನು ಹಿಡಿದದ್ದೂ ಬಿಳಿ ಬೆಳಕೇ.

ಪೊಟ್ಟಣ ಕಟ್ಟುವಾಗ ಅಮ್ಮ, "ಚಾರ್ಜರ್ ಮರೆತ್ರಲ್ರೀ!" ಎಂದಳು. ಮರೆತಿಲ್ಲ. ಈಗಿರುವ ಚಾರ್ಜು ಮೂರು ರಾತ್ರಿಗೆ ಸಾಕು. ಅಷ್ಟರಲ್ಲಿ ಆ ತಾಯಿ ಬಂದು ಮರಿಗಳನ್ನು ಕಚ್ಚಿಕೊಂಡು ಹೋಗುತ್ತದೆ. ಆಮೇಲೆ ಭದ್ರಾವತಿಯಲ್ಲಿ ಬೇರೆ ಚಾರ್ಜರ್ ಕೊಳ್ಳಬೇಡ. ಇದರ ಚಾರ್ಜರನ್ನು ದೇವರ ಮನೆಯಲ್ಲಿಟ್ಟಿದ್ದೇನೆ. ನೀನೇ ಒಳಗೆ ಬಂದು ತೆಗೆದುಕೊಳ್ಳಬೇಕು.

ನಿನ್ನ ಅಪ್ಪ,
ವೀರಪ್ಪ